ಎಲ್ಲರಿಗೂ ಹಾಕಿದ ನೀರು

ಚಾಪೆಯ ಮೇಲೆ ಮಲಗಲೊಲ್ಲದೆ ಗಾನವಿ ಆ ಮಧ್ಯಾಹ್ನವೆಲ್ಲ ಅನುಪಮಾಳ ತೊಡೆಯ ಮೇಲೆಯೇ ಇದ್ದಳು. ಅನುಪಮಾ ನಡೆಸುತ್ತಿದ್ದ ಅಂಗನವಾಡಿಯ ಮಕ್ಕಳಲ್ಲಿ ಗಾನವಿಯೇ ಹೆಚ್ಚು ಮಾತಿನವಳು. ಅಂದು ಮಾತ್ರ ಮಾತಿರಲಿಲ್ಲ. ಮೈ ತುಸು ಬಿಸಿಯಾಗಿತ್ತು. ಅನ್ನ ಬೇಡವೆಂದಳು, ಕೊಟ್ಟ ಮೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿದಳು. ಅವಳ ಜಡೆಯ ರಿಬ್ಬನ್ನಿನೊಳಗೆ ಬೇವಿನ ಎಲೆಯೊಂದು ಸಿಕ್ಕಿಸಿದ್ದುದು ಅನುಪಮಾಳ ಕಣ್ಣಿಗೆ ಬಿತ್ತು. ಅಜ್ಜಿ ದೃಷ್ಟಿಗೆಂದು ಸಿಕ್ಕಿಸಿರಬೇಕು ಎಂದುಕೊಂಡು, ಹುಡುಗಿಯ ಬೆವರಿದ ಹಣೆಯನ್ನು ಸೆರಗಿನಿಂದ ಒರೆಸಿದಳು.

ಮರುದಿನ ಗಾನವಿ ಬರಲಿಲ್ಲ. ಅದರಾಚೆಯ ದಿನ ಸಹಾಯಕಿ ಶಿಲ್ಪ ಅಕ್ಕಿ ಆರಿಸುತ್ತ ಕುಳಿತಿದ್ದವಳು ದನಿ ತಗ್ಗಿಸಿ, ಆ ಮನೆಗೆ ಅಮ್ಮ ಬಂದಿದ್ದಾಳೆಂದೂ, ಮೊದಲು ಗಾನವಿಯ ಅಕ್ಕನಿಗೆ ಗುಳ್ಳೆ ಎದ್ದು ಈಗ ಇವಳಿಗೂ ಎದ್ದಿದೆಯೆಂದೂ ಹೇಳಿದಳು.

ನೊಣವಿನಕೆರೆಯ ಸುತ್ತಿನ ಹಳ್ಳಿಗಳಲ್ಲಿ ಸೀತಾಳೆ ಸಿಡುಬನ್ನು ಯಾರೂ ರೋಗದ ಹೆಸರಿನಿಂದ ಕರೆಯುವುದಿಲ್ಲ. ಬಿಸಿಲು ಏರುವ ಕಾಲಕ್ಕೆ ಅಮ್ಮ ಬರುತ್ತಾಳೆ, ಇರುವಷ್ಟು ದಿನ ಇರುತ್ತಾಳೆ, ಬೇವಿನ ನೀರು ಹಾಕಿದ ಮೇಲೆ ಹೋಗುತ್ತಾಳೆ. ಅವಳಿರುವಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮದ್ದು ಕೊಡುವಂತಿಲ್ಲ, ಊರವರಿಗೆ ಹೇಳಿಕೊಂಡು ತಿರುಗುವಂತಿಲ್ಲ. ಬಾಗಿಲಿಗೆ ಕಟ್ಟಿದ ಬೇವನ್ನು ಕಂಡವರು ತಾವೇ ತಿಳಿದುಕೊಂಡು ದೂರ ನಿಲ್ಲುತ್ತಾರೆ. ಕಾಣದವರಿಗೆ ತಿಳಿಯುವುದಿಲ್ಲ.

ಅನುಪಮಾಳಿಗೆ ಆಗ ನಾಲ್ಕು ತಿಂಗಳು ತುಂಬಿತ್ತು. ಸಂಜೆ ಗಂಡ ಮೋಹನನಿಗೆ ಹೇಳಿದಳು. ಲೈನ್‌ಮನ್ ಕೆಲಸದ ಮೋಹನ್ ಕಂಬ ಹತ್ತಿ ಇಳಿದು ಬಂದ ಕೈಯನ್ನೂ ತೊಳೆಯದೆ ಫೋನಿನಲ್ಲಿ ಏನೇನೋ ಓದಿದ. ಓದಿದಷ್ಟೂ ಅವನ ಮುಖ ಸಣ್ಣದಾಯಿತು. ಮರುದಿನ ಭಾನುವಾರ ಕಳೆದದ್ದೇ, ರಜೆ ಹಾಕಿ ಹೆಂಡತಿಯನ್ನು ತಿಪಟೂರಿನ ಹೆರಿಗೆ ಡಾಕ್ಟರಲ್ಲಿಗೆ ಕರೆದುಕೊಂಡು ಹೊರಟ. ತಾಯಿ ಹನುಮಕ್ಕ ತಾನೂ ಬರುವೆನೆಂದು ಸೀರೆ ಬದಲಿಸಿ ಬಂದಳು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಚಿಕ್ಕಂದಿನಲ್ಲಿ ಒಮ್ಮೆ ಆಗಿದ್ದವರಿಗೆ ಮತ್ತೆ ಆಗುವುದು ಅಪರೂಪ. ಆಗದೇ ಇದ್ದ ಬಸುರಿಗೆ ಮಾತ್ರ ಭಯ, ತಾಯಿಯ ಶ್ವಾಸಕೋಶಕ್ಕೆ ಇಳಿಯಬಹುದು, ವಿರಳವಾಗಿ ಮಗುವಿಗೂ ತೊಂದರೆ ಆಗಬಹುದು ಎಂದು ವಿವರಿಸಿ, ನಿಮಗೆ ಆಗಿತ್ತೇ ಎಂದು ಕೇಳಿದರು.

ಅನುಪಮಾ ತಡಮಾಡಲಿಲ್ಲ. "ಆಗಿತ್ತು ಮೇಡಂ. ಎರಡನೇ ಕ್ಲಾಸಲ್ಲಿದ್ದೆ. ಕೆಂಕೆರೆಲಿ ನಮ್ಮವ್ವ ಬೇವಿನ ನೀರು ಹಾಕಿದ್ದು ಚೆನ್ನಾಗಿ ನೆನಪೈತೆ."

ಹಾಗಿದ್ದರೆ ಹೆದರಬೇಕಾಗಿಲ್ಲ, ಆದರೂ ರಕ್ತ ಪರೀಕ್ಷೆ ಮಾಡಿಸಿಬಿಡಿ ಎಂದರು ಡಾಕ್ಟರು. ಮೈಯಲ್ಲಿ ತಡೆಯುವ ಶಕ್ತಿ ಇಲ್ಲವೆಂದು ಗೊತ್ತಾದರೆ ಒಂದು ಇಂಜೆಕ್ಷನ್ ಇದೆ. ಸೋಂಕು ತಗುಲಿದ ಹತ್ತು ದಿನದೊಳಗೆ ಕೊಟ್ಟರಷ್ಟೇ ಅದರಿಂದ ಪ್ರಯೋಜನ.

ಹನುಮಕ್ಕ ನಡುವೆ ಬಾಯಿ ಹಾಕಿದಳು. "ಒಂದ್ಸಲ ಬಂದೋಳು ಮತ್ತೆ ಬರಲ್ಲ ಬುಡಿ ಮೇಡಮ್ಮೋರೆ. ಬಸುರಿ ಮೈಯಿಂದ ಸುಮ್ಕೆ ರಕ್ತ ಯಾಕೆ ತೆಗೀಬೇಕು?"

ಅನುಪಮಾ ಅತ್ತೆಯ ಮುಖ ನೋಡಿದಳು. ಅಲ್ಲಿ ಕಂಡ ನಿರಾಳ ಅವಳಿಗೂ ಬಂತು. ಅನುಮಾನ ಬಂದರೆ ತಡಮಾಡದೆ ಬನ್ನಿ ಎಂದು ಹೇಳಿ ಡಾಕ್ಟರು ಕಳಿಸಿಕೊಟ್ಟರು. ಬಸ್ ನಿಲ್ದಾಣದಲ್ಲಿ ಹನುಮಕ್ಕ ಸೊಸೆಗೆ ದ್ರಾಕ್ಷಿ ಕೊಡಿಸಿದಳು, ತೊಳೆಯದೆ ಬಾಯಿಗೆ ಹಾಕಿಕೊಂಡಳೆಂದು ದಾರಿಯುದ್ದಕ್ಕೂ ಬೈದಳು.

ಮನೆಯಲ್ಲಿ ಅದು ಕೊಬ್ಬರಿಯ ಕೆಲಸದ ಕಾಲ. ಕಳೆದ ವರ್ಷ ಅಟ್ಟಕ್ಕೇರಿಸಿ ಬಿಟ್ಟಿದ್ದ ಕಾಯಿಗಳನ್ನು ಮಾವ ರೇವಣ್ಣ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡನೆ ಉರುಳಿದರೆ ಕೆಳಕ್ಕೆ. ನೀರಿನ ಸದ್ದು ಕೇಳಿದರೆ ಮತ್ತೆ ಅಟ್ಟಕ್ಕೆ. ಅಂಗಳದಲ್ಲಿ ಸುಲಿಯುವ ಆಳುಗಳು ಕುಳಿತಿದ್ದರು. ಅವರಿಗೆಲ್ಲ ಮುದ್ದೆ, ಸಾರು ಆಗಬೇಕು. ಆದರೆ ಹನುಮಕ್ಕ ಡಾಕ್ಟರಲ್ಲಿಂದ ಬಂದ ದಿನದಿಂದಲೇ ಒಗ್ಗರಣೆ ನಿಲ್ಲಿಸಿಬಿಟ್ಟಿದ್ದಳು. ಅಮ್ಮ ತಮ್ಮ ಮನೆಗೆ ಬಂದಿಲ್ಲವಾದರೂ ಸೊಸೆಯ ತೊಡೆಯ ಮೇಲೆ ಒಂದು ಮಧ್ಯಾಹ್ನ ಕುಳಿತು ಹೋಗಿದ್ದಾಳಲ್ಲ, ಗೌರವ ಇರಲಿ ಎಂಬುದು ಅವಳ ವಾದ.

"ಈ ಸಾರಲ್ಲಿ ಸೊಪ್ಪು ಈಜು ಕಲೀತಾ ಐತೆ," ಎಂದ ರೇವಣ್ಣ ಮೊದಲ ದಿನ. ಎರಡನೆಯ ದಿನ ಏನೂ ಅನ್ನಲಿಲ್ಲ. ಮೂರನೆಯ ದಿನ ಆಳುಗಳಲ್ಲೊಬ್ಬ, ಬೆಟ್ಟಸ್ವಾಮಿ, ನಾಳೆಯಿಂದ ಬುತ್ತಿ ತಾನೇ ತರುವೆನೆಂದು ವಿನಯದಿಂದ ತಿಳಿಸಿದ.

ಕೆಲಸದ ವಿಷಯಕ್ಕೆ ಒಂದು ಜಗಳವೂ ಆಯಿತು. ಅಂಗನವಾಡಿಗೆ ಬರುವ ಮಕ್ಕಳಲ್ಲಿ ಅರ್ಧದಷ್ಟು ಕಡಿಮೆಯಾಗಿದ್ದರು. ಯಾವ ಮನೆಯವರೂ ಕಾರಣ ಹೇಳುತ್ತಿರಲಿಲ್ಲ. ರಜೆ ಹಾಕು ಎಂದು ಮೋಹನ್ ಒತ್ತಾಯಿಸಿದ, ಹನುಮಕ್ಕ ಅವನ ಪರ ವಹಿಸಿದಳು. ಊರಿನ ಬೇರೆ ಬಸುರಿಯರಿಗೆ ಮಧ್ಯಾಹ್ನದ ಊಟ ಕೊಡಬೇಕಾದವಳು ತಾನು, ಅವರನ್ನು ಎಲ್ಲಿಗೆ ಕಳಿಸಲಿ ಎಂದು ಅನುಪಮಾ ಕೇಳಿದಳು. "ಒಂದ್ಸಲ ಬಂದೋಳು ಮತ್ತೆ ಬರಲ್ಲ ಅಂತ ಡಾಕ್ಟ್ರ ಮುಂದೆ ನೀವೇ ಅಂದ್ರಲ್ಲ ಅತ್ತೆ. ಅಲ್ಲಿಗೊಂದು ಮಾತು, ಇಲ್ಲಿಗೊಂದು ಮಾತಾ?" ಹನುಮಕ್ಕ ದನಕ್ಕೆ ಹುಲ್ಲು ಹಾಕುವ ನೆಪದಲ್ಲಿ ಎದ್ದು ಹೋದಳು. ಅನುಪಮಾ ಕೆಲಸಕ್ಕೆ ಹೋಗುತ್ತಲೇ ಇದ್ದಳು.

ಆ ವಾರದ ಶುಕ್ರವಾರ ಕೆಂಕೆರೆಯಿಂದ ಅವಳ ತಾಯಿ ನಿಂಗಮ್ಮ ಬಯಕೆಯ ಊಟ ಹೊತ್ತು ಬಂದಳು. ಒಬ್ಬಟ್ಟು, ಚಿಗಳಿ, ಹುಣಸೆಯ ತೊಕ್ಕು, ಮಗಳು ಫೋನಿನಲ್ಲಿ ಆಸೆಪಟ್ಟು ಕೇಳಿದ್ದ ನುಚ್ಚಿನುಂಡೆ, ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ, ಎರಡು ಬಸ್ಸು ಬದಲಿಸಿ ತಂದಿದ್ದಳು. ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕುಳಿತರು. ಹನುಮಕ್ಕ ಬಡಿಸಿದ ಸಾರನ್ನು ನಿಂಗಮ್ಮ ಕಲಸಿದಳು, ಒಂದು ತುತ್ತು ತಿಂದಳು, ಬೀಗಿತ್ತಿಯ ಮುಖ ನೋಡಿದಳು. ಒಗ್ಗರಣೆಯಿಲ್ಲದ ಸಾರಿನ ಅರ್ಥ ಆ ಸೀಮೆಯ ಹೆಂಗಸಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೆ ಎಂದು ಮೆಲ್ಲಗೆ ಕೇಳಿದಳು.

ಮನೆಯಲ್ಲಿ ಯಾರಿಗೂ ಅಲ್ಲ, ಅಂಗನವಾಡಿಯ ಮಗುವಿಗೆ ಎಂದು ಅನುಪಮಾ ನಗುತ್ತ ಎಲ್ಲವನ್ನೂ ಹೇಳಿದಳು. ತನಗೆ ಚಿಕ್ಕಂದಿನಲ್ಲೇ ಆಗಿಹೋಗಿರುವುದರಿಂದ ಹೆದರಿಕೆ ಇಲ್ಲವೆಂದೂ ಸೇರಿಸಿದಳು.

ನಿಂಗಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ನಿಂಗ್ಯಾವಾಗ ಆಗಿತ್ತೇ?"

"ನೀನೇ ನೀರು ಹಾಕಿದ್ಯಲ್ಲವ್ವ, ಹಿತ್ತಲ ಕಲ್ಲಿನ ಮೇಲೆ ಕೂರ್ಸಿ. ಎಲೆ ಕಿವಿಯೊಳಕ್ಕೆ ಹೋಗಿ ನಾನು ಅತ್ತಿದ್ದೆ."

"ನೀರು ಹಾಕಿದ್ದೆ. ಅಮ್ಮ ಆಗಿದ್ದು ನಿನ್ನ ತಮ್ಮ ಶಿವಮೂರ್ತಿಗೆ ಕಣೇ. ಅವನಿಗೆ ಎದ್ದ ದಿನಾನೇ ನಿನ್ನ ಅರಳಗುಪ್ಪೆಗೆ ನಿನ್ನ ಸೋದರತ್ತೆ ಮನೆಗೆ ಸಾಗ್ಹಾಕಿದ್ವಿ. ನೀರು ಹಾಕೋ ದಿನಕ್ಕೆ ಕರ್ಸಿದ್ದು. ಮನೇಲಿರೋರಿಗೆಲ್ಲ ಹಾಕಬೇಕಲ್ಲ. ನಿಮ್ಮಪ್ಪಂಗೂ ಹಾಕ್ದೆ, ನಾನೂ ಹಾಕ್ಕಂಡೆ. ಕಟ್ಟಿದ್ದ ಎಮ್ಮೆಗೂ ಒಂದು ಚೊಂಬು ಚಿಮುಕಿಸಿದ್ದೆ."

ಅನುಪಮಾ ಎಡಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಮನಸ್ಸಿನಲ್ಲಿ ಆ ಕಲ್ಲು, ಆ ಹಸಿರು ನೀರು, ಕಿವಿಯೊಳಗಿನ ಎಲೆ ಇನ್ನೂ ಹಾಗೆಯೇ ಇದ್ದವು. ಮೈಮೇಲೆ ಗುಳ್ಳೆ ಇದ್ದುದನ್ನು ನೆನೆಯಲು ಹೋದರೆ ಏನೂ ಸಿಕ್ಕಲಿಲ್ಲ.

"ಹಂಗಾದ್ರೆ ನಂಗೆ ಆಗಿತ್ತೋ, ಇಲ್ವೋ?" ಎಂದ ರೇವಣ್ಣ. "ನಂಗೂ ನೀರು ಹಾಕಿದ್ದೊಂದೇ ಗೆಪ್ತಿ." ಅವನಿಗೆ ಉತ್ತರ ಹೇಳಬಲ್ಲವರು ಯಾರೂ ಈಗ ಬದುಕಿರಲಿಲ್ಲ.

ಮೋಹನ್ ಕೈ ತೊಳೆದುಕೊಂಡು ಬಂದ. ಡಾಕ್ಟರು ಹೇಳಿದ ಹತ್ತು ದಿನದಲ್ಲಿ ಉಳಿದಿರುವುದು ಎರಡೇ ದಿನ, ಬೆಳಗಾಗುತ್ತಲೇ ತಿಪಟೂರಿಗೆ ಹೋಗಿ ಪರೀಕ್ಷೆ ಮಾಡಿಸಿ ಇಂಜೆಕ್ಷನ್ ಹಾಕಿಸಲೇಬೇಕು ಎಂದ.

"ಸೂಜಿ ಬೇಡ ಕಣ್ಲಾ," ಎಂದಳು ಹನುಮಕ್ಕ. ಅವಳ ದನಿಯಲ್ಲಿ ಹಟಕ್ಕಿಂತ ಅಂಜಿಕೆ ಹೆಚ್ಚಿತ್ತು. ತನ್ನ ಅಕ್ಕನಿಗೆ ದೊಡ್ಡಮ್ಮ, ಅಂದರೆ ದೊಡ್ಡ ಸಿಡುಬು, ಆದಾಗ ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದದ್ದನ್ನೂ, ಕಣ್ಣಿಗೆ ಏನೋ ಹಚ್ಚಿದ್ದನ್ನೂ, ಅಕ್ಕ ಒಂದೇ ಕಣ್ಣಿನಲ್ಲಿ ತಿರುಗಿ ಬಂದದ್ದನ್ನೂ ಹೇಳಿದಳು. "ಎದುರು ಹಾಕ್ಕೊಂಡ್ರೆ ಅವಳು ಸುಮ್ಕಿರಲ್ಲ. ನಾನು ಕಂಡೋಳು."

ಆ ಕಣ್ಣು ರೋಗದಿಂದ ಹೋಯಿತೇ ಹೊರತು ಆಸ್ಪತ್ರೆಯಿಂದಲ್ಲ ಎಂದು ಮೋಹನ್ ಏರುದನಿಯಲ್ಲಿ ಹೇಳಿದ. ಮಾತಿಗೆ ಮಾತು ಬೆಳೆಯಿತು. ನಿಂಗಮ್ಮ ತಾನು ತಂದ ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚುತ್ತ ಕುಳಿತಳು. ಅಂಗನವಾಡಿಗೆ ಜ್ವರದ ಮಗುವನ್ನು ಕಳಿಸಿದ ಅಜ್ಜಿ ಲಕ್ಷ್ಮಿದೇವಮ್ಮನ ಮೇಲೂ ಮೋಹನ್ ಹರಿಹಾಯ್ದ; ಮನೆಯಲ್ಲಿ ಇನ್ನೊಂದು ಮಗುವಿಗೆ ಆಗಿದೆಯೆಂದು ಒಂದು ಮಾತು ತಿಳಿಸಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದ.

ಜಗಳವನ್ನು ತಣ್ಣಗೆ ಮಾಡುವ ಆಸೆಯಿಂದ ರೇವಣ್ಣ ಹೇಳಿದ: "ಅವಳೇನು ಕದ್ದುಮುಚ್ಚಿ ಮಾಡ್ಲಿಲ್ಲ ಬುಡು. ಮಗೂನ ಕಳ್ಸೋಕೂ ಮುಂಚೇನೆ ನಮ್ಮ ಬೇವಿನ ಮರದಾಗೆ ರೆಂಬೆ ಮುರ್ಕಂಡು ಹೋದ್ಲಲ್ಲ. ನಿಮ್ಮವ್ವಾನೇ ದೋಟಿ ತಂದು ಕೊಟ್ಟಿದ್ದು."

ಮೋಹನ್ ತಾಯಿಯ ಕಡೆ ತಿರುಗಿದ. ಹನುಮಕ್ಕ ನೆಲ ನೋಡುತ್ತಿದ್ದಳು. ಯಾಕೆಂದು ಕೇಳುವಂತಿಲ್ಲ, ಕೊಟ್ಟ ಮೇಲೆ ಹೇಳುವಂತಿಲ್ಲ, ಹಿಂದಿನಿಂದ ನಡೆದುಕೊಂಡು ಬಂದದ್ದೇ ಹಾಗೆ ಎಂದು ತಡವರಿಸಿದಳು. ಮೋಹನ್ ಬಾಯಿ ತೆರೆಯುವ ಮೊದಲೇ ಅನುಪಮಾ ಅವನ ತೋಳು ಹಿಡಿದಳು. ಅವಳು ಮಾತಾಡಿದ್ದು ಜಗಳದ ದನಿಯಲ್ಲಿ ಅಲ್ಲ.

"ಅತ್ತೆ, ಆ ಮಗು ದಿನಾ ನನ್ನ ಹತ್ರಾನೇ ಇರುತ್ತೆ ಅನ್ನೋದು ನಿಮಗೆ ಗೊತ್ತಿತ್ತು. ಊರಿಗೆ ಹೇಳೋದು ಬೇಡ. ನಂಗೊಬ್ಬಳಿಗೆ ಹೇಳಬಹುದಿತ್ತಲ್ಲ."

ಹನುಮಕ್ಕ ಎದ್ದು ಅಡುಗೆಮನೆಗೆ ಹೋದಳು. ಅವಳ ತಟ್ಟೆಯಲ್ಲಿ ಒಬ್ಬಟ್ಟು ಹಾಗೆಯೇ ಉಳಿಯಿತು.

ಬೆಳಗ್ಗೆ ಮೋಹನ್ ಬೈಕನ್ನು ಹೊರಗೆ ತೆಗೆಯುವ ಹೊತ್ತಿಗೆ ಹನುಮಕ್ಕ ಕೈಚೀಲ ಹಿಡಿದು ಜಗುಲಿಯ ಮೇಲೆ ನಿಂತಿದ್ದಳು. ಚೀಲದಲ್ಲಿ ಮೊಸರನ್ನದ ಡಬ್ಬಿ, ನೀರಿನ ಬಾಟಲಿ, ಬೇವಿನ ಒಂದು ಕುಡಿ. ಬಸುರಿಯನ್ನು ಬೈಕಿನಲ್ಲಿ ಕೂರಿಸುವುದು ಬೇಡ, ಆಟೊಗೆ ಹೇಳಿದ್ದೇನೆ ಎಂದಳು. ಮೋಹನ್ ಅನುಮಾನದಿಂದ ನೋಡಿದ.

"ಸೂಜಿ ಚುಚ್ಚೋದು ಅವರ ಕೆಲಸ, ಒಗ್ಗರಣೆ ಬುಡೋದು ನನ್ನ ಕೆಲಸ," ಎಂದಳು ಹನುಮಕ್ಕ. "ಅವರದ್ದು ಅವರು ಮಾಡ್ಲಿ. ನಂದು ನಾನು ಬುಡಲ್ಲ."

ಡಾಕ್ಟರ ಮುಂದೆ ಮೊದಲು ಮಾತಾಡಿದವಳೂ ಅವಳೇ. ನಮ್ಮ ಹುಡುಗಿಗೆ ಆಗಿಲ್ಲವಂತೆ, ಅಂದು ನಾನು ಅಡ್ಡಬಾಯಿ ಹಾಕಿದ್ದು ತಪ್ಪಾಯಿತು ಎಂದು ನಿಂತುಕೊಂಡೇ ಹೇಳಿದಳು. ರಕ್ತದ ವರದಿ ಸಂಜೆಗೆ ಬಂತು. ನಿಂಗಮ್ಮನ ನೆನಪು ಸರಿಯಾಗಿತ್ತು. ಇಂಜೆಕ್ಷನ್ ತಿಪಟೂರಿನಲ್ಲಿ ಸಿಗಲಿಲ್ಲ. ಮೋಹನ್ ತುಮಕೂರಿಗೆ ಹೋಗಿ, ಅಲ್ಲಿಯೂ ಎರಡು ಕಡೆ ಅಲೆದು, ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟುಕೊಂಡು ಮರುದಿನ ಬೆಳಗ್ಗೆ ತಂದ. ಕೊನೆಯ ದಿನವೇ ಅದು. ನರ್ಸು ಸೂಜಿ ಎತ್ತಿದಾಗ ಹನುಮಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಳು; ಕೈ ಮಾತ್ರ ಸೊಸೆಯ ಕೈಯನ್ನು ಬಿಡಲಿಲ್ಲ.

ಇದರಿಂದ ರೋಗ ಬಾರದೇ ಇರಬಹುದು, ಬಂದರೂ ಹಗುರಾಗಿ ಹೋಗಬಹುದು. ಒಂದು ತಿಂಗಳು ಎಚ್ಚರ ಬೇಕು ಎಂದು ಡಾಕ್ಟರು ಹೇಳಿದ್ದರು. ಅನುಪಮಾ ರಜೆ ಹಾಕಿದಳು. ಆಗಿತ್ತೋ ಇಲ್ಲವೋ ಎಂದು ತಿಳಿಯದ ರೇವಣ್ಣನನ್ನು ಹನುಮಕ್ಕ ಹಾಸಿಗೆ ಸಮೇತ ತೋಟದ ಪಂಪ್‌ಸೆಟ್ ಮನೆಗೆ ಅಟ್ಟಿದಳು. ಅವನ ಊಟ ಅಲ್ಲಿಗೇ ಹೋಗುತ್ತಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿ ತನ್ನನ್ನು ಮನೆಯಿಂದ ಹೊರಹಾಕಿದಳೆಂದು ಅವನು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದ. ಹೇಳುವಾಗ ಕಾರಣವನ್ನೂ ಹೇಳಿಬಿಟ್ಟ. ಹೀಗೆ ಆ ಊರಿನಲ್ಲಿ ಮುಚ್ಚಿಡುವ ಮಾತೊಂದು ತೋಟದ ಬೇಲಿಯ ಮೇಲಿಂದ ಹರಡಿತು.

ಕೇಳಿದವರಲ್ಲಿ ಲಕ್ಷ್ಮಿದೇವಮ್ಮನೂ ಒಬ್ಬಳು. ಗಾನವಿಗೆ ನೀರು ಹಾಕಿ ಆದ ಮೇಲೆ, ಒಂದು ದಿನ ತಂಪಿನ ಮೊಸರನ್ನ ಹಿಡಿದು ಬಂದು ಅಂಗಳದಾಚೆಯೇ ನಿಂತಳು. ಮಗುವಿಗೂ ಆದೀತೆಂದು ತಿಳಿಯದೆ ಕಳಿಸಿದೆ, ಮನೆಯಲ್ಲಿ ದೊಡ್ಡ ಹುಡುಗಿಯನ್ನು ನೋಡಿಕೊಳ್ಳಲು ತಾನೊಬ್ಬಳೇ ಇದ್ದೆ ಎಂದು ಅತ್ತಳು. ಮೋಹನ್ ಒಳಗೆ ಎದ್ದುಹೋದ. ಅನುಪಮಾ ಕಿಟಕಿಯಿಂದಲೇ ಗಾನವಿಯ ಕ್ಷೇಮ ಕೇಳಿದಳು. ಹನುಮಕ್ಕ ಮೊಸರನ್ನದ ಪಾತ್ರೆಯನ್ನು ತೆಗೆದುಕೊಂಡು, "ಸೊಪ್ಪು ಕೊಟ್ಟೋಳು ನಾನೇ ಸುಮ್ಕಿದ್ದೆ. ನಿನ್ನ ಏನಂತ ಅನ್ಲಿ," ಎಂದು ಹೇಳಿ, ಪಾತ್ರೆ ತೊಳೆದು ವಾಪಸು ಕೊಟ್ಟಳು.

ಮೂರನೆಯ ವಾರದ ಕೊನೆಗೆ ಅನುಪಮಾಳಿಗೆ ಮೈ ನೋವು ಬಂತು. ಮರುದಿನ ಕಿವಿಯ ಹಿಂದೆ ಒಂದು ಗುಳ್ಳೆ, ಸಂಜೆಯ ಹೊತ್ತಿಗೆ ಬೆನ್ನಿನ ಮೇಲೆ ನಾಲ್ಕಾರು, ಹೊಟ್ಟೆಯ ಮೇಲೆ ಎರಡು. ಹೊಟ್ಟೆಯ ಮೇಲಿನವನ್ನು ನೋಡಿ ಅವಳು ಅತ್ತಳು. ಸೂಜಿ ಹಾಕಿಸಿದ್ದಕ್ಕೇ ಹೀಗಾಯಿತು ಎಂಬ ಮಾತು ತಾಯಿಯ ಬಾಯಿಂದ ಬರುವುದೆಂದು ಮೋಹನ್ ಕಾದಿದ್ದ. ಹನುಮಕ್ಕ ಹೊಟ್ಟೆಯನ್ನು ಹತ್ತಿರದಿಂದ ನೋಡಿ, ಡಾಕ್ಟರಿಗೆ ಫೋನು ಮಾಡು ಎಂದಷ್ಟೇ ಹೇಳಿದಳು.

ಮಾತ್ರೆಗಳು ಬಂದವು. ಅಮ್ಮ ಬಂದ ಮನೆಯಲ್ಲಿ ಮದ್ದು ಕೊಟ್ಟದ್ದು ಆ ವಂಶದಲ್ಲಿ ಅದೇ ಮೊದಲು. ಹನುಮಕ್ಕ ಪ್ರತಿ ಸಲ ಮಾತ್ರೆಯನ್ನು ಮೊದಲು ದೇವರ ಗೂಡಿನ ಮುಂದೆ ಇಟ್ಟು, ಕೈ ಮುಗಿದು, ಆಮೇಲೆ ಸೊಸೆಯ ಕೈಗೆ ಕೊಡುತ್ತಿದ್ದಳು. ಹೊತ್ತು ಮಾತ್ರ ತಪ್ಪಿಸಲಿಲ್ಲ. ಚಾಪೆಯ ಮೇಲೆ ಬೇವು ಹಾಸಿದಳು, ಕೆರೆದುಕೊಳ್ಳಬಾರದೆಂದು ಉಗುರು ಕತ್ತರಿಸಿದಳು, ಎಳನೀರು ಕೊಟ್ಟಳು, ಉಸಿರಾಟ ಸರಿಯಾಗಿದೆಯೇ ಎಂದು ಮಲಗಿದವಳ ಎದೆಯನ್ನೇ ನೋಡುತ್ತ ಕುಳಿತಳು. ಗುಳ್ಳೆಗಳು ಹೆಚ್ಚಲಿಲ್ಲ. ಕೆಲವೇ ದಿನಗಳಲ್ಲಿ ಒಣಗಿ ಉದುರತೊಡಗಿದವು.

ಪೂರ್ತಿ ಒಣಗಿದ ಮೇಲೆ ಡಾಕ್ಟರು ಸ್ಕ್ಯಾನಿಂಗಿಗೆ ಕರೆದರು. ನೀರು ಹಾಕುವ ಮೊದಲು ಹೊಸಿಲು ದಾಟುವುದು ಸರಿಯೇ ಎಂದು ನಿಂಗಮ್ಮ ಫೋನಿನಲ್ಲಿ ಕೇಳಿದಳು. "ಮಗು ನೋಡ್ಕಂಡು ಬಂದ್ಮೇಲೆ ಹಾಕ್ತೀನಿ. ಅವಳೂ ಹೆತ್ತೋಳೇ, ಅರ್ಥ ಮಾಡ್ಕತಾಳೆ," ಎಂದಳು ಹನುಮಕ್ಕ. ಡಾಕ್ಟರು ಬಹಳ ಹೊತ್ತು ಪರದೆಯನ್ನೇ ನೋಡಿದರು. ತಲೆ, ಕೈಕಾಲು, ಎದೆಬಡಿತ, ಬೆಳವಣಿಗೆ, ಎಲ್ಲವೂ ಈಗ ಸರಿಯಾಗಿಯೇ ಇವೆ; ಮುಂದಿನ ತಿಂಗಳು ಮತ್ತೊಮ್ಮೆ ನೋಡೋಣ ಎಂದರು. ಆಟೊದಲ್ಲಿ ಹಿಂದಿರುಗುವಾಗ ಅನುಪಮಾ ಅತ್ತೆಯ ಭುಜಕ್ಕೆ ಒರಗಿ ನಿದ್ದೆ ಹೋದಳು.

ಮಾರನೆಯ ಬೆಳಗ್ಗೆ ಹಿತ್ತಲಿನ ಒಲೆಯ ಮೇಲೆ ಹಂಡೆಯಲ್ಲಿ ಬೇವಿನ ನೀರು ಕಾದಿತ್ತು. ನೀರು ಹಾಕುವ ದಿನವೆಂದು ರೇವಣ್ಣ ತೋಟದಿಂದ ಹಾಸಿಗೆ ಹೊತ್ತು ಬಂದು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ತನ್ನ ಸರದಿಗೆ ನಿಂತಿದ್ದ. ಮೋಹನ್ ಅವನ ಹಿಂದೆ. ಹನುಮಕ್ಕ ಸೊಸೆಯನ್ನು ಕಲ್ಲಿನ ಮೇಲೆ ಕೂರಿಸಿ, ತಲೆಯ ಮೇಲೆ ಚೊಂಬಿನಿಂದ ನಿಧಾನವಾಗಿ ಸುರಿದಳು. ಹಂಡೆ ಬರಿದಾಗುವವರೆಗೂ ಅವಳೊಬ್ಬಳಿಗೇ ಸುರಿದಳು.

"ನಮ್ಗೆ?" ಎಂದ ರೇವಣ್ಣ.

"ನಿಮ್ಗಿಲ್ಲ. ನಲ್ಲೀಲಿ ನೀರೈತೆ, ಹೋಗಿ ಮಿಂದ್ಕಳಿ."

"ಏ, ಎಲ್ಲರಿಗೂ ಹಾಕೋದಲ್ವೇ? ಪದ್ಧತಿ."

"ಎಲ್ಲರಿಗೂ ಹಾಕಿ ಹಾಕಿ, ಯಾರಿಗೆ ಆಗಿತ್ತು ಅನ್ನೋದೇ ಮರ್ತೋಗೈತೆ ನಮ್ಗೆ. ಈ ಸಲ ಆಗಿದ್ದು ಇವಳಿಗೆ. ಇವಳಿಗೇ ಹಾಕ್ದೆ."

ರೇವಣ್ಣ ಟವೆಲ್ಲನ್ನು ಹೆಗಲಿನಿಂದ ತೆಗೆದ. ಅನುಪಮಾಳ ಕೂದಲಿನಿಂದ ಇಳಿದ ಹಸಿರು ನೀರು ಅವಳ ಹೊಟ್ಟೆಯ ಉಬ್ಬನ್ನು ಬಳಸಿ ಕಲ್ಲಿಗೆ ಹರಿಯುತ್ತಿತ್ತು. ಅದನ್ನು ನೋಡಿ ಅವನಿಗೆ ಒಂದು ತಕರಾರು ಸಿಕ್ಕಿತು. "ಒಳಗಿರೋದಕ್ಕೂ ಬಿತ್ತಲ್ಲೇ. ನಾಳೆ ಅದೂ ನಂಗೆ ಆಗಿತ್ತು ಅಂದ್ರೆ?"

ಹನುಮಕ್ಕ ಸೊಸೆಯ ಕಿವಿಗೆ ಅಂಟಿದ್ದ ಎಲೆಯನ್ನು ಬೆರಳಿನಿಂದ ತೆಗೆದು ಹಾಕಿದಳು.

"ಆಗಿದ್ದು ನಿಮ್ಮವ್ವಂಗೆ ಅಂತ ಅದಕ್ಕೆ ನಾನೇ ಹೇಳ್ತೀನಿ ಬುಡಿ," ಎಂದಳು.